ಕೈಗೆಟುಕುವ ಸಾಲು

ಊರು ತೋರಿಸುವ ಬಸ್ಸಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟ ಜಾಗ ಹಿಮ್ಮುಖವಾಗಿತ್ತು. ಹಾಗಾಗಿ ಹಳೆಯ ಊರೆಲ್ಲ ಮಗಳಿಗೆ ಕಾಣುತ್ತಿದ್ದುದು ದಾಟಿಹೋದ ಮೇಲೆಯೇ. ಅವಳ ಎದುರಿಗೆ ಕೂತ ಅಮ್ಮ, ಮುಂದೆ ಬರುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು.

ಗಡಿಯಾರ ಗೋಪುರದ ಕಲ್ಲಿನ ಸಂದುಗಳಿಗೆ ಗಾರೆ ತುಂಬುತ್ತಿದ್ದ ಮಗಳು ಅಟ್ಟಣಿಗೆಯಿಂದ ಬಿದ್ದು ಎಂಟು ತಿಂಗಳಾಗಿತ್ತು. ಉಣ್ಣು ಅಂದರೆ ಉಣ್ಣುವಳು, ಮಲಗು ಅಂದರೆ ಮಲಗುವಳು. ಅತ್ತಿದ್ದರೆ ಅಮ್ಮನಿಗೆ ಎಷ್ಟೋ ವಾಸಿಯಿತ್ತು. ಸುಣ್ಣ ಹದ ಮಾಡುವ ಶೆಡ್ಡಿನಲ್ಲಿ ಕೂತು ಮಾಡುವ ಕೆಲಸವಿದೆ, ಬರುತ್ತಾಳೋ ಇಲ್ಲವೋ ಇವತ್ತು ಸಂಜೆಯೊಳಗೆ ಹೇಳಿ ಎಂದಿದ್ದ ಮೇಸ್ತ್ರಿ. "ನೋಡೋಣ" ಎಂಬುದೊಂದೇ ಮಗಳ ಉತ್ತರ.

ಪ್ರತಿ ನಿಲ್ದಾಣದಲ್ಲೂ ಡ್ರೈವರ್ ಎದ್ದು ಬಂದು ಬಾಗಿಲಿಗೆ ಇಳಿಜಾರು ಹಲಗೆ ಹಾಸುತ್ತಿದ್ದ.

"ಇಳೀತೀರಾ?"

"ಬೇಡ."

ಹಲಗೆ ಮಡಚುತ್ತಿದ್ದ. ಅರಮನೆ, ಕೋಟೆ ಬಾಗಿಲು, ಸೇತುವೆ, ಎಲ್ಲವೂ ಹೀಗೇ ಹೋದವು.

"ಸುಮ್ನೆ ಯಾಕಪ್ಪಾ ಸೊಂಟ ನೋಯಿಸ್ಕೋತೀಯ," ಅಂದಳು ಅಮ್ಮ. "ನಮ್ಮ ಮಹಾರಾಣಿ ಇವತ್ತು ನೆಲ ಮುಟ್ಟಲ್ಲ."

"ಇರ್ಲಿ ಬಿಡಿ ಅಮ್ಮಾ. ಕೇಳೋದು ನನ್ನ ಕೆಲಸ, ಬೇಡ ಅನ್ನೋದು ಅವರ ಕೆಲಸ."

ಗೋಪುರ ಬಂತು. ಹಲಗೆ ಬಿತ್ತು. ಮಗಳು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಡ್ರೈವರ್ ಅದನ್ನೇ ಒಪ್ಪಿಗೆ ಅಂದುಕೊಂಡು ಕುರ್ಚಿಯ ಪಟ್ಟಿ ಬಿಚ್ಚಿದ. ಅಮ್ಮ ಗೋಪುರದ ಗೋಡೆಯವರೆಗೆ ತಳ್ಳಿದಳು.

ತಾನು ಬಿದ್ದ ಎತ್ತರದ ಕಡೆ ಮಗಳು ಕಣ್ಣೆತ್ತಲಿಲ್ಲ. ಕೈಗೆಟುಕಿದ ಸಾಲಿನ ಸಂದನ್ನು ಉಗುರಿನಿಂದ ಕೆರೆದಳು.

"ಸಿಮೆಂಟು."

"ಏನೇ?"

"ಸುಣ್ಣದ ಗಾರೆ ಇರಬೇಕಾದಲ್ಲಿ ಸಿಮೆಂಟು ತುಂಬಿದ್ದಾರೆ. ಒಳಗಿನ ತೇವ ಹೊರಗೆ ಬರಲ್ಲ. ನಾಲ್ಕು ಮಳೆಗಾಲ ಕಳೆದ್ರೆ ಕಲ್ಲೇ ಸಿಪ್ಪೆ ಏಳುತ್ತೆ."

ಎಂಟು ತಿಂಗಳಲ್ಲಿ ಇಷ್ಟುದ್ದದ ಮಾತು ಇದೇ ಮೊದಲು. ಔಷಧಿ ಚೀಟಿ ಓದಿದಂತೆ, ಏರಿಳಿತವೇ ಇಲ್ಲದೆ ಹೇಳಿದಳು.

"ಯಾರು ಮಾಡಿದ್ದು?"

"ನಾನು ಬಿದ್ದ ಮೇಲೆ ಬಂದೋರು. ಸುಣ್ಣ ಹದಕ್ಕೆ ಬರೋ ತನಕ ಕಾಯೋ ವ್ಯವಧಾನ ಇಲ್ಲ." ಕೈಚಾಚಿದಳು. "ಫೋನ್ ಕೊಡು."

"ಮೇಸ್ತ್ರಿಗೆ ನಾನೇ ಹೇಳ್ಲಾ?"

"ನೀನು ಅಳ್ತೀಯ."

ಆ ಕಡೆ ಮೇಸ್ತ್ರಿ ಫೋನೆತ್ತಿದ ಮೇಲೆ ಕ್ಷೇಮಸಮಾಚಾರವೂ ಇಲ್ಲ. "ಸೋಮವಾರ ಬರ್ತೀನಿ. ಅಷ್ಟರೊಳಗೆ ಕೆಳಗಿನ ಸಾಲಿನ ಸಿಮೆಂಟು ಕೆತ್ತಿಸಿ ತೆಗೆಸಿಡಿ. ಮೇಲಿಂದು ನೀವೇ ಹತ್ತಿ ನೋಡಿ."

ಮಗಳ ಮುಖ ಬೆಳಗ್ಗೆ ಹೇಗಿತ್ತೋ ಹಾಗೇ ಇತ್ತು. ಅಮ್ಮ ಅವಳ ಉಗುರಲ್ಲಿ ಸಿಕ್ಕಿದ್ದ ಬೂದು ಪುಡಿಯನ್ನು ಕರವಸ್ತ್ರದ ತುದಿಯಿಂದ ತೆಗೆಯುತ್ತಾ ನಿಂತಳು. ಡ್ರೈವರ್ ಹಲಗೆ ಮಡಚದೆ ಕಾಯುತ್ತಿದ್ದ.