ಬೆಳ್ಳಗಾದ ಕಪ್ಪು ಬೆಲ್ಟು

ಚಾಮರಾಜಪೇಟೆಯ ಮನೆಯ ಹಿತ್ತಲಲ್ಲಿ ಶಶಿರೇಖಾ ಮಗಳ ಸ್ಕೂಲ್ ಯೂನಿಫಾರ್ಮಿಗೆ ಸೋಪು ಹಚ್ಚುತ್ತಿದ್ದಳು. ಅಷ್ಟರಲ್ಲಿ ಕರಾಟೆ ಕ್ಲಾಸಿನ ಮುನಿರಾಜನ ಮೊಪೆಡ್ ಬಾಗಿಲಿಗೆ ಬಂದು ನಿಂತಿತು. ಕರಾಟೆ ಸಂಘದ ಜಪಾನಿ ಅಧ್ಯಕ್ಷರು ಸಂಜೆಯೇ ಹೊರಡುತ್ತಾರಂತೆ, ಸಭೆ ಹತ್ತು ಗಂಟೆಗೇ ಅಂತೆ.

"ಬಟ್ಟೆ ಹಾಗೇ ಬಿಡಿ ಅಕ್ಕ, ಹೊರಡಿ," ಎಂದ.

ಒಂಬತ್ತು ವರ್ಷದ ದೀಪ್ತಿ ಓಡಿಹೋಗಿ ಅಮ್ಮನ ಬೆಲ್ಟು ತಂದಳು. ಏನೋ ಕೇಳಲು ಬಾಯಿ ತೆರೆದವಳು ಅಜ್ಜಿಯನ್ನು ಕಂಡು ಸುಮ್ಮನಾದಳು. ಕರಾಟೆ ಕಲಿಯುವುದಕ್ಕೆ ಮನೆಗೆ ಒಬ್ಬಳು ಸಾಕು ಎಂದು ಸುಂದರಮ್ಮ ದಸರೆಯಲ್ಲೇ ತೀರ್ಪು ಕೊಟ್ಟಾಗಿತ್ತು.

"ಅದನ್ನೂ ಒಂದ್ಸಲ ನೆನೆಹಾಕೇ ಶಶಿ. ಹಸು ಕಟ್ಟೋ ಹಗ್ಗಾನೇ ವಾಸಿ," ಎಂದರು ಆಕೆ.

ಬೆಲ್ಟನ್ನು ಒಗೆಯುವಂತಿರಲಿಲ್ಲ. ಸುರಿಸಿದ ಬೆವರು ಅದರಲ್ಲೇ ಉಳಿಯಬೇಕೆಂಬುದು ಕ್ಲಾಸಿನ ಪದ್ಧತಿ. ಹದಿನೇಳು ವರ್ಷ ಕಟ್ಟಿ ಕಟ್ಟಿ ಮೇಲಿನ ಕಪ್ಪು ರೇಷ್ಮೆಯೆಲ್ಲ ಸವೆದು, ಒಳಗಿನ ಬಿಳಿ ಹತ್ತಿ ಕಾಣುತ್ತಿತ್ತು.

ನಲವತ್ತು ದೇಶಗಳಲ್ಲಿ ಶಾಖೆಗಳಿದ್ದ ಆ ಸಂಘವನ್ನು ಭಾರತಕ್ಕೆ ತಂದವರು ಡ್ರಿಲ್ ಮೇಷ್ಟ್ರು ವೀರಭದ್ರಯ್ಯ. ಎಪ್ಪತ್ನಾಲ್ಕರಲ್ಲಿ, ಪಕ್ಕದ ಬೀದಿಯ ಛತ್ರದ ಅಂಗಳದಲ್ಲಿ, ಏಳೇ ಮಕ್ಕಳಿಂದ ಶುರುವಾಗಿತ್ತು. ಆ ಏಳರಲ್ಲಿ ಎರಡು ಜಡೆಯ ಶಶಿರೇಖಾ ಒಬ್ಬಳು. ಈಗ ತೊಂಬತ್ತೊಂಬತ್ತನೇ ಇಸವಿ. ಮಂಡಿನೋವಿನ ಮೇಷ್ಟ್ರು ತಮ್ಮ ನಂತರ ಭಾರತ ಶಾಖೆಯನ್ನು ಇವಳೇ ನಡೆಸಲಿ ಎಂದು ಜಪಾನಿಗೆ ಬರೆದಿದ್ದರು. ಯಾವ ದೇಶದ ಶಾಖೆಗೂ ಹೆಂಗಸು ಮುಖ್ಯಸ್ಥೆಯಾದದ್ದಿಲ್ಲ. ಸಾರು ಕುದಿಸುವವಳು ಸಂಘ ನಡೆಸುತ್ತಾಳಾ ಎಂದು ಕಮಿಟಿಯಲ್ಲಿ ಕೆಲವರು ನಕ್ಕಿದ್ದರು. ಇವತ್ತು ಅಧ್ಯಕ್ಷರು ತೀರ್ಮಾನ ಹೇಳಬೇಕಿತ್ತು.

ಛತ್ರದ ಹಾಲಿನಲ್ಲಿ ನೂರು ಜನ ಸಾಲುಗಟ್ಟುತ್ತಿದ್ದರು. ಹಿರಿಯರು ಬಲತುದಿಗೆ, ಹೊಸಬರು ಎಡತುದಿಗೆ. ದೆಹಲಿಯಿಂದ ಬಂದಿದ್ದ ಪದಾಧಿಕಾರಿಯೊಬ್ಬರು ದೂರದಿಂದಲೇ ಅವಳ ಬೆಲ್ಟಿನ ಬಣ್ಣ ನೋಡಿ, ಎಡಗಡೆಯ ಬಿಳಿ ಬೆಲ್ಟಿನ ಮಕ್ಕಳ ಕಡೆಗೆ ಕೈ ತೋರಿಸಿದರು. ಸಾಲಿನಲ್ಲಿ ಮಾತಾಡುವಂತಿಲ್ಲ. ಅವಳು ಹೋಗಿ ಮಕ್ಕಳ ಪಕ್ಕ ನಿಂತಳು. ಮುನಿರಾಜ ಮುಂದೆ ಬರಲು ನೋಡಿದ. ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು ಬೆರಳೆತ್ತಿ ತಡೆದರು. ಕಂಬದ ಪಕ್ಕ ಅಜ್ಜಿಯ ಸೆರಗು ಹಿಡಿದಿದ್ದ ದೀಪ್ತಿಯ ಕಣ್ಣು ತುಂಬಿತು.

ಎಂಬತ್ತು ವರ್ಷದ ಅಧ್ಯಕ್ಷರು ಬಲದಿಂದ ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಶಶಿರೇಖಾಳ ಎದುರು ನಿಂತರು. ಅವಳ ಬೆಲ್ಟಿನ ತುದಿಯನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ತಮ್ಮ ಬೆಲ್ಟಿನ ತುದಿ ಹಿಡಿದರು. ಎರಡೂ ಒಂದೇ ಥರ ಸವೆದು ಬೆಳ್ಳಗಾಗಿದ್ದವು.

ಒಂದು ವರಸೆ ಮಾಡಿ ತೋರಿಸು ಎಂದು ಸನ್ನೆ ಮಾಡಿದರು.

ಅವಳು ಮಾಡಿದಳು. ಒಂದೊಂದು ತಿರುವಿಗೂ ತೋಳಿನ ಬಟ್ಟೆ ಪಟ್ಟೆಂದಿತು. ಕೊನೆಯ ಕೂಗಿಗೆ ಗವಾಕ್ಷಿಯ ಪಾರಿವಾಳಗಳೆಲ್ಲ ಹಾರಿಹೋದವು. ಅಧ್ಯಕ್ಷರು ಸೊಂಟ ಬಾಗಿಸಿ ಅವಳಿಗೆ ವಂದಿಸಿದರು. ತಾವೇ ಬಲತುದಿಗೆ ಕರೆದುಕೊಂಡು ಹೋಗಿ, ಇನ್ನು ಭಾರತ ಶಾಖೆಗೆ ಇವರೇ ಮುಖ್ಯಸ್ಥೆ ಎಂದು ಸಾರಿದರು. ಅವಳಿಗೆ ಜಾಗ ಬಿಡಲು ಇಡೀ ಸಾಲು ಒಂದೊಂದು ಹೆಜ್ಜೆ ಎಡಕ್ಕೆ ಸರಿಯಬೇಕಾಯಿತು. ಮೊದಲು ಸರಿದವನು ಮುನಿರಾಜ, ಹಲ್ಲೆಲ್ಲ ಬಿಟ್ಟುಕೊಂಡು. ದೆಹಲಿಯವರೂ ಸರಿದರು. ಮೇಷ್ಟ್ರು ಮಂಡಿನೋವು ಮರೆತು ಎದ್ದು ನಿಂತಿದ್ದರು.

ಚಪ್ಪಾಳೆಯ ನಡುವೆ ಸುಂದರಮ್ಮ ಕಣ್ಣೊರೆಸಿಕೊಂಡು ಮೊಮ್ಮಗಳ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. "ಹೋಗೇ, ಕೇಳು."

ದೀಪ್ತಿ ಚಪ್ಪಲಿ ಬಿಟ್ಟು, ಸಾಲಿನ ಉದ್ದಕ್ಕೂ ನಡೆದು ಬಂದು ಅಮ್ಮನ ಎದುರು ನೆಟ್ಟಗೆ ನಿಂತಳು.

"ಅಮ್ಮಾ, ನಾನು ಎಲ್ಲಿ ನಿಂತ್ಕೊಳ್ಲಿ?"