ಕೋಚ್ ಕೊಟ್ಟ ಮಾತ್ರೆ

ಬಿಂದುಶ್ರೀ ಬೆಂಗಳೂರಿನ ಉಲ್ಲಾಳದ ಹುಡುಗಿ, ಪಕ್ಕದ ಕೆಂಗೇರಿಯ ಒಂದು ಕಬಡ್ಡಿ ಕ್ಲಬ್ಬಿನ ಮುಖ್ಯ ರೈಡರ್. ಅಲ್ಲಿ ಯಾರಾದರೂ ಸೀನಿದರೆ ಸಾಕು, ಕೋಚ್ ಯೋಗಾನಂದ ತಮ್ಮ ಬ್ಯಾಗಿನಿಂದ ಆ್ಯಂಟಿಬಯೋಟಿಕ್ ಮಾತ್ರೆ ತೆಗೆದು ಕೊಡುತ್ತಿದ್ದರು. "ನುಂಗಿ ನೀರು ಕುಡಿ, ಪ್ರಾಕ್ಟೀಸ್ ತಪ್ಪಿಸ್ಬೇಡ" ಎನ್ನುತ್ತಿದ್ದರು. ಆ ಮಳೆಗಾಲದಲ್ಲಿ ಬಿಂದುಶ್ರೀಗೆ ಮೇಲಿಂದ ಮೇಲೆ ನೆಗಡಿ. ಪ್ರತಿ ಸಲವೂ ನುಂಗಿದಳು. ಕೋಚ್ ಕೊಟ್ಟದ್ದನ್ನು ಯಾಕೆ ಎಂದು ಕೇಳಬಹುದು ಅಂತ ಅವಳಿಗೆ ಹೊಳೆದಿರಲೇ ಇಲ್ಲ.

ರಾಜ್ಯಮಟ್ಟದ ಪಂದ್ಯಕ್ಕೆ ಆಯ್ಕೆ ಹತ್ತಿರ ಬಂದಾಗ ಭೇದಿ ಶುರುವಾಯಿತು. ಏನು ಮಾಡಿದರೂ ನಿಲ್ಲಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ಅಮ್ಮ ವೆಂಕಟಲಕ್ಷ್ಮಮ್ಮ ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು.

ಪರೀಕ್ಷೆಯ ವರದಿ ನೋಡಿದ ಡಾಕ್ಟರ್ ಶರಣ್ಯಾ, ನುಂಗಿದ ಮಾತ್ರೆಗಳನ್ನೆಲ್ಲ ಕೇಳಿ ತಿಳಿದುಕೊಂಡರು. "ನೆಗಡಿ ಬರೋದು ವೈರಸ್‌ನಿಂದ. ಈ ಮಾತ್ರೆ ಅದನ್ನ ಮುಟ್ಟೋದೂ ಇಲ್ಲ. ನಿಮ್ಮ ಕರುಳಲ್ಲಿದ್ದ ಒಳ್ಳೆ ಬ್ಯಾಕ್ಟೀರಿಯಾನ ಸಾಯಿಸ್ತು, ಆ ಜಾಗದಲ್ಲಿ ಕೆಟ್ಟದ್ದು ಬೆಳ್ಕೊಂಡಿದೆ. ಅದಕ್ಕೆ ಬೇರೆ ಔಷಧಿ ಕೊಡ್ತೀನಿ."

"ದಿನಾ ಅಷ್ಟು ಬೆವರಿಳಿಸ್ತೀನಿ ಮೇಡಂ. ಹೊಟ್ಟೆ ಗಟ್ಟಿ ಇರ್ಬೇಕಿತ್ತಲ್ವಾ?"

"ವ್ಯಾಯಾಮದಿಂದ ಒಳ್ಳೆ ಬ್ಯಾಕ್ಟೀರಿಯಾಗೆ ಅನುಕೂಲಾನೇ. ಆದ್ರೆ ಹೀಗೆ ಸುಮ್ಸುಮ್ನೆ ನುಂಗ್ತಾ ಇದ್ರೆ ಎಷ್ಟು ಓಡಿದ್ರೂ ಸಾಲಲ್ಲ."

ಮನೆಗೆ ಬಂದ ಮೇಲೆ ಜೊತೆ ಆಟಗಾರ್ತಿ ರಮ್ಯ ಫೋನ್ ಮಾಡಿದಳು. ಬಿಂದುಶ್ರೀಗೆ ಸ್ಟ್ಯಾಮಿನಾ ಇಲ್ಲ, ಆಯ್ಕೆಗೆ ಹೆದರಿ ಮಲಗಿದ್ದಾಳೆ ಎಂದು ಕೋಚ್ ಎಲ್ಲರೆದುರು ಹೇಳಿ, ಅವಳ ಜಾಗಕ್ಕೆ ಬೇರೆಯವಳನ್ನು ಹಾಕಿದ್ದರು.

ಬಿಂದುಶ್ರೀಯ ಮೈ ಉರಿದುಹೋಯಿತು. "ದೊಡ್ಡೋರ ಹತ್ರ ಜಗಳ ಬೇಡ ಕಣೇ" ಎಂದು ಅಮ್ಮ ತಡೆದರೂ ಕೇಳದೆ, ಗೋಡೆ ಹಿಡಿದು ಮೆಟ್ಟಿಲಿಳಿದು ಗ್ರೌಂಡಿಗೆ ಹೋದಳು. ಅಲ್ಲಿ ರಮ್ಯ ಕೆಮ್ಮುತ್ತಾ ನಿಂತಿದ್ದಳು. ಕೋಚ್ ಅವಳ ಅಂಗೈಗೆ ಅದೇ ಮಾತ್ರೆ ಇಡುತ್ತಿದ್ದರು.

"ಇದನ್ನ ಕೊಡಿ ಅಂತ ಯಾವ ಡಾಕ್ಟರ್ ಹೇಳಿದ್ರು ಸಾರ್?" ಎಂದಳು ಬಿಂದುಶ್ರೀ.

"ಎಲ್ರಿಗೂ ಕೊಡ್ತೀನಿ, ಯಾರಿಗೂ ಏನೂ ಆಗಿಲ್ಲ. ನಿನ್ನ ಹೊಟ್ಟೆ ಸರಿ ಇಲ್ಲ ಅಂದ್ರೆ ನಾನೇನ್ ಮಾಡ್ಲಿ?"

"ಸರಿಯಾಗೇ ಇತ್ತು. ಕೆಡಿಸಿದ್ದು ನೀವು. ಕೆಡಿಸಿ, ಈಗ ನಾನು ಹೆದರ್ಕೊಂಡೆ ಅಂತ ಹೇಳ್ಕೊಂಡು ತಿರುಗ್ತಿದೀರ."

"ಹುಡುಗೀರ ಮುಂದೆ ಹೀಗೆಲ್ಲ ಮಾತಾಡ್ಬೇಡ."

"ಹುಡುಗೀರ ಮುಂದೇನೇ ಮಾತಾಡ್ಬೇಕು ಸಾರ್. ನುಂಗ್ತಿರೋದು ಅವ್ರು."

ರಮ್ಯ ಮಾತ್ರೆಯನ್ನು ಕೋಚ್ ಕೈಗೇ ವಾಪಸ್ ಕೊಟ್ಟು, "ನಾನು ಡಾಕ್ಟರ್ ಹತ್ರಾನೇ ಹೋಗ್ತೀನಿ ಸಾರ್" ಎಂದಳು.

ಕ್ಲಬ್ಬಿನ ಕಾರ್ಯದರ್ಶಿ ಗಂಗಾಧರಯ್ಯನವರಿಗೂ ಬಿಂದುಶ್ರೀ ದೂರು ಹೇಳಿದಳು. "ಅವರು ಒಳ್ಳೇದಕ್ಕೇ ಕೊಟ್ಟಿದ್ದು ಬಿಡಮ್ಮ" ಎಂದು ಅವರು ಸಾಗಹಾಕಿದರು. ಆ ವರ್ಷ ತಂಡ ಅವಳಿಲ್ಲದೆ ಹೊರಟಿತು. ಬಸ್ಸಿನಿಂದ ರಮ್ಯ ಫೋನ್ ಮಾಡಿದಳು.

"ಸಾರ್ ಈಗ ಮಾತ್ರೆ ಕೊಡೋದು ಬಿಟ್ಟಿದಾರೆ ಕಣೇ. ನೀನು ಹುಷಾರಾದ್ಮೇಲೆ ವಾಪಸ್ ಬಾ."

"ತಪ್ಪಾಯ್ತು ಅಂದ್ರಾ?"

"ಇಲ್ಲ."

"ಹಾಗಾದ್ರೆ ನಾನು ಬರಲ್ಲ. ಬೇರೆ ಕ್ಲಬ್ ಹುಡುಕ್ತೀನಿ."

ಫೋನ್ ಇಟ್ಟು ಬಿಂದುಶ್ರೀ ಶೂ ಹಾಕಿಕೊಂಡಳು. ಡಾಕ್ಟರ್ ಸದ್ಯಕ್ಕೆ ನಿಧಾನವಾಗಿ ನಡೆಯಲು ಮಾತ್ರ ಒಪ್ಪಿದ್ದರು.