ಮೂರನೇ ಗೇಟಿನ ಟ್ಯೂಬು

"ಓದೋಕೂ ಬರಲಿಲ್ಲ, ಒಂದು ಗೇಟು ಮುಚ್ಚೋಕೂ ಬರಲ್ಲ. ಇವನನ್ನ ಯಾವ ಪುರುಷಾರ್ಥಕ್ಕೆ ಇಟ್ಕೊಂಡಿದೀನೋ ನಂಗೇ ಗೊತ್ತಿಲ್ಲ."

ಭಾವ ಇದನ್ನು ಹೇಳಿದ್ದು ಹನ್ನೊಂದು ಜನರ ಮುಂದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದವರು, ಬಾಟಲಿಗೆ ನೀರು ತುಂಬುತ್ತಿದ್ದವರು, ಎಲ್ಲರೂ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಏನೂ ಕೇಳಿಸಿಯೇ ಇಲ್ಲವೆಂಬಂತೆ ತಂತಮ್ಮ ಸೈಕಲ್ಲಿನ ಬ್ರೇಕು ಒತ್ತಿ ನೋಡತೊಡಗಿದರು. ಅಷ್ಟೊಂದು ಶ್ರದ್ಧೆಯಿಂದ ಯಾರೂ ಬ್ರೇಕು ಪರೀಕ್ಷೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನಾನು ಮಂಡಿಯೂರಿ ಹಲ್ಲಿನ ಡಾಕ್ಟರಮ್ಮನ ಹಿಂದಿನ ಚಕ್ರದ ಗಾಳಿ ಇಳಿಸುತ್ತಿದ್ದೆ. ಜಲ್ಲಿ ದಾರಿಗೆ ಗಾಳಿ ಕಮ್ಮಿ ಇರಬೇಕು. ಎಷ್ಟು ಕಮ್ಮಿ ಅನ್ನುವುದು ನನ್ನ ಹೆಬ್ಬೆರಳಿಗೆ ಗೊತ್ತು. ಹೆಬ್ಬೆರಳು ಟೈರಿನ ಮೇಲೆ ಹಾಗೇ ನಿಂತುಬಿಟ್ಟಿತು.

ಭಾವ ಅಂದರೆ ನನ್ನಕ್ಕನ ಗಂಡ. ಭಾನುವಾರ ಭಾನುವಾರ ಪಟ್ಟಣದವರಿಗೆ ದಪ್ಪ ಟೈರಿನ ಸೈಕಲ್ಲು ಕೊಟ್ಟು ಸಮುದ್ರದ ಕಡೆಯ ಹಳೆಯ ದಾರಿಗಳಲ್ಲಿ ಕರೆದುಕೊಂಡು ಹೋಗುವುದು ಅವನ ಕಸುಬು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನ್ನನ್ನು ಅಕ್ಕ ತಂದು ಶೆಡ್ಡಿನ ಮೇಲಿನ ಕೋಣೆಯಲ್ಲಿ ಇರಿಸಿದಳು. ಅಂದಿನಿಂದ ಆರು ವರ್ಷ ಚೈನು, ಬೇರಿಂಗು, ಗ್ರೀಸು. ಭಾವ ನನ್ನನ್ನು ಕರೆಯುವುದೇ ಪಂಕ್ಚರ್ ಅಂತ. ಬಂದವರೂ ಹಾಗೇ ಕರೆಯುತ್ತಾರೆ, ಅದೇ ನನ್ನ ಹೆಸರು ಅಂದುಕೊಂಡು.

ಆದರೆ ಈ ಜಲ್ಲಿ ದಾರಿ ನನ್ನದು. ಹಿಂದೆ ಉಪ್ಪು ಸಾಗಿಸುತ್ತಿದ್ದ ಸಣ್ಣ ರೈಲಿನ ಹಾದಿಯದು. ಕಂಬಿ ಕಿತ್ತು ಎಷ್ಟೋ ಕಾಲವಾಗಿ ಜಲ್ಲಿ ಮಾತ್ರ ಉಳಿದಿದೆ. ಒಂದು ಇಡೀ ಬೇಸಿಗೆ, ಕೆಲಸ ಮುಗಿಸಿದ ಸಂಜೆಗಳಲ್ಲಿ, ಕತ್ತಿ ಹಿಡಿದು ಮುಳ್ಳು ಕಡಿದು ನಾನದನ್ನು ಹುಡುಕಿದೆ. ಪಾಳುಬಿದ್ದ ಉಪ್ಪಿನ ಗೋದಾಮು, ಕುಸಿದ ಕೋಟೆಗೋಡೆ, ಕೊನೆಗೆ ಸಮುದ್ರದ ಮುಂದೆ ಒಂಟಿ ಕಾವಲು ಗೋಪುರ. ಇಪ್ಪತ್ತೆರಡು ಕಿಲೋಮೀಟರಿನಲ್ಲಿ ಒಂದೂ ಲಾರಿ ಎದುರಾಗುವುದಿಲ್ಲ. ನಡುವೆ ಐದು ಗೇಟು. ಮೂರನೆಯದು ಕುರಿ ಸಾಕುವ ಅಜ್ಜಿಯ ಹೊಲದ್ದು. ಅಲ್ಲಿ ಅವಳು ಬಿಟ್ಟರೆ ದಾರಿ ಉಂಟು, ಬಿಡದಿದ್ದರೆ ಹೆದ್ದಾರಿಯಲ್ಲಿ ಲಾರಿಗಳ ಹೊಗೆ ಕುಡಿಯುತ್ತಾ ಸುತ್ತಬೇಕು.

ಮುಂದಿನ ಭಾನುವಾರದಿಂದ ಈ ದಾರಿಯಲ್ಲಿ ಮುಂದಾಳು ನಾನೇ ಎಂದು ಮಾತಾಗಿತ್ತು. ಅಕ್ಕ ಎರಡು ತಿಂಗಳು ಗಂಡನ ತಲೆ ತಿಂದು ಒಪ್ಪಿಸಿದ್ದಳು. ಮುಂದಾಳಿನ ಕೊರಳಲ್ಲಿ ಒಂದು ಸೀಟಿ ಇರುತ್ತದೆ. ಅವನು ಊದಿದರೆ ಹಿಂದಿನವರೆಲ್ಲ ನಿಲ್ಲಬೇಕು. ಆರು ವರ್ಷ ನಾನು ನಿಂತವನು.

ಹೀಗಿರುವಾಗ ಆ ಬೆಳಿಗ್ಗೆ ಕುರಿ ಅಜ್ಜಿಯ ಫೋನು ಬಂತು. ಹೋದ ಭಾನುವಾರ ನಾವು ದಾಟಿದ ಮೇಲೆ ಗೇಟು ತೆರೆದುಕೊಂಡಿತ್ತಂತೆ. ಕುರಿಗಳೆಲ್ಲ ಕೆಸರಿಗಿಳಿದಿದ್ದವು, ಒಂದು ಸತ್ತೇ ಹೋಯಿತು, ಇವತ್ತು ಬೀಗ ತಂದಿದ್ದೇನೆ ಅಂದಳಂತೆ. ಗೇಟು ಮುಚ್ಚುವುದು ಎಲ್ಲರಿಗಿಂತ ಕೊನೆಯಲ್ಲಿ ಹೋಗುವವನ ಕೆಲಸ. ಕೊನೆಯಲ್ಲಿ ಹೋಗುವವನು ಯಾವಾಗಲೂ ನಾನು. ಭಾವನಿಗೆ ಅಷ್ಟು ಸಾಕಾಯಿತು.

ಹೊರಟೆವು. ಭಾವ ಮುಂದೆ, ನಾನು ಕೊನೆಗೆ. ಜಲ್ಲಿ ಚಕ್ರದಡಿ ಕರಕರ ಅನ್ನುತ್ತಿತ್ತು. ಬೇರೆ ದಿನ ಆ ಸದ್ದು ನನಗೆ ಇಷ್ಟ. ಅವತ್ತು ಯಾರೋ ಹಲ್ಲು ಕಡಿದಂತಿತ್ತು, ಬಹುಶಃ ನಾನೇ. ಗೋದಾಮಿನ ಹತ್ತಿರ ಭಾವ ನಿಲ್ಲಿಸಿ ಚರಿತ್ರೆ ಹೇಳಿದ. ಗೋದಾಮಿಗೆ ನಾನೂರು ವರ್ಷ ಅಂದ. ಹೋದ ವಾರ ಮುನ್ನೂರಿತ್ತು. ವಾರಕ್ಕೆ ನೂರು ವರ್ಷದ ಲೆಕ್ಕದಲ್ಲಿ ಮುಪ್ಪಾಗುವ ಕಟ್ಟಡ ಅದೊಂದೇ ಇರಬೇಕು. ಬೇರೆ ದಿನವಾದರೆ ಡಾಕ್ಟರಮ್ಮನ ಕಿವಿಯಲ್ಲಿ ಇದನ್ನು ಹೇಳಿ ನಗಿಸುತ್ತಿದ್ದೆ. ಅವತ್ತು ಬಾಯಿ ತೆರೆಯುವುದೂ ಒಂದು ಏರು ಹತ್ತಿದಷ್ಟು ಭಾರವಾಗಿತ್ತು.

ಹೋದ ಭಾನುವಾರ ನಡೆದದ್ದು ನನಗೆ ಚೆನ್ನಾಗಿ ನೆನಪಿತ್ತು. ಮೂರನೇ ಗೇಟು ದಾಟಿ ಸ್ವಲ್ಪ ದೂರದಲ್ಲಿ ನಿವೃತ್ತ ಮೇಷ್ಟ್ರ ಚೈನು ತುಂಡಾಗಿತ್ತು. ಭಾವ ಸೀಟಿ ಊದಿ ನನ್ನನ್ನು ಮುಂದಕ್ಕೆ ಕರೆಸಿಕೊಂಡ. ಹಿಂದೆ ಇನ್ನೂ ನಾಲ್ಕು ಜನ ಬರಬೇಕಿತ್ತು. ಗೇಟು ನಾನು ನೋಡ್ಕೋತೀನಿ, ನೀನು ಚೈನು ನೋಡು ಎಂದು ಅವನೇ ಹಿಂದಕ್ಕೆ ಹೋದ. ಅಂದರೆ ಆ ಒಂದು ಗೇಟಿಗೆ ಕೊನೆಯವನು ಭಾವ.

ಅವನು ಗೇಟು ಮುಚ್ಚಿಯೇ ಬಂದಿದ್ದಾನೆ. ಅದರಲ್ಲಿ ನನಗೆ ಅನುಮಾನವಿಲ್ಲ. ಚಿಲಕ ಟಕ್ ಅಂದಿರುತ್ತದೆ, ಆಯಿತು ಅಂದುಕೊಂಡಿರುತ್ತಾನೆ. ಆದರೆ ಆ ಗೇಟಿನ ಚಿಲಕ ಟಕ್ ಅನ್ನುತ್ತದೆ ಅಷ್ಟೇ, ಹಿಡಿಯುವುದಿಲ್ಲ. ತುದಿ ಸವೆದುಹೋಗಿದೆ. ಕುರಿ ಹಣೆಯಲ್ಲಿ ಎರಡು ಸಲ ಗುದ್ದಿದರೆ ಬಾಗಿಲು ತೆರೆಯುತ್ತದೆ. ಅದಕ್ಕೇ ನಾನು ಹಳೆಯ ಟ್ಯೂಬು ಕತ್ತರಿಸಿ ಉದ್ದನೆಯ ಪಟ್ಟಿ ಮಾಡಿ ಕಂಬಕ್ಕೆ ನೇತುಹಾಕಿದ್ದೆ. ಚಿಲಕ ಹಾಕಿದ ಮೇಲೆ ಪಟ್ಟಿಯನ್ನು ಎರಡು ಸುತ್ತು ಬಿಗಿಯಾಗಿ ಎಳೆದು ತುದಿಯನ್ನು ಒಳಗೆ ಸಿಕ್ಕಿಸಬೇಕು. ಇದನ್ನು ಭಾವನಿಗೆ ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದೆ. ಅವನು ಫೋನು ನೋಡುತ್ತಾ ಹೂಂ ಅಂದಿದ್ದ. ಇನ್ನೊಂದು ಸಲ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿ ಹೇಳಿ ಸಾಕಾಗಿತ್ತು. ಕುರಿ ಸತ್ತದ್ದು ಕೇಳಿದಾಗ ಮೊದಲು ನೆನಪಾದದ್ದು ಅದೇ.

ಮೂರನೇ ಗೇಟಿಗೆ ಅಜ್ಜಿ ಅಡ್ಡ ನಿಂತಿದ್ದಳು. ಮೊಳಕಾಲಿನವರೆಗೆ ಬೂಟು, ಕೈಯಲ್ಲಿ ತೆಂಗಿನಕಾಯಿಯ ಗಾತ್ರದ ಬೀಗ. ಭಾವ ಸೈಕಲ್ಲಿನಿಂದ ಇಳಿಯುವ ಮೊದಲೇ ಕೈ ಜೋಡಿಸಿದ. ಅಜ್ಜಿಗೆ ಒಂದು ಮಾತಿಗೂ ಎಡೆ ಕೊಡದೆ, ತಪ್ಪಾಯಿತು, ಹುಡುಗನ ಬೇಜವಾಬ್ದಾರಿ, ಬೈದಿದ್ದೇನೆ, ಇನ್ನು ಇವನನ್ನು ಈ ದಾರಿಗೆ ಕರೆತರುವುದೇ ಇಲ್ಲ ಎಂದ. ಹಿಂದೆ ತಿರುಗಿ ನನ್ನತ್ತ ಬೆರಳು ತೋರಿಸಿದ.

ಅಲ್ಲಿಗೆ ಮುಗಿಯಿತು. ಸೀಟಿ, ಮುಂದಿನ ಭಾನುವಾರ, ಒಂದು ಬೇಸಿಗೆಯ ಮುಳ್ಳು, ಎಲ್ಲ. ಸಿಟ್ಟು ಬರಬೇಕಿತ್ತು. ಬಂತು, ಆದರೆ ಅದೂ ದಣಿದು ಬಂದಿತ್ತು.

ಅಜ್ಜಿ ನನ್ನನ್ನು ನೋಡಿದಳು. ಆಮೇಲೆ ಕಂಬದಲ್ಲಿ ನೇತಾಡುತ್ತಿದ್ದ ಟ್ಯೂಬಿನ ಪಟ್ಟಿ ನೋಡಿದಳು.

"ಇವನಾ?" ಅಂದಳು. "ಇವನು ಮುಚ್ಚಿದ್ರೆ ಪಟ್ಟಿ ಬಿಚ್ಚೋಕೆ ನನ್ನ ಉಗುರು ಕಿತ್ತು ಬರುತ್ತೆ. ಅವತ್ತು ಪಟ್ಟಿ ಹೀಗೇ ನೇತಾಡ್ತಿತ್ತಪ್ಪ. ಬರೀ ಚಿಲಕ ಹಾಕಿ ಹೋಗಿದಾರೆ. ಈ ಚಿಲಕಾನ ನಂಬೋನು ಈ ಗೇಟು ಮುಟ್ಟೇ ಇಲ್ಲ ಅಂತ ಅರ್ಥ. ಯಾರದು?"

ಗಾಳಿ ಬೀಸುತ್ತಿತ್ತು. ಒಂದು ಕುರಿ ಬಂದು ಭಾವನ ಹ್ಯಾಂಡಲ್ಲನ್ನು ಮೂಸಿ, ಇಷ್ಟವಾಗದೆ ಹಿಂದೆ ಹೋಯಿತು. ಕೊನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಅವತ್ತು ಪಂಕ್ಚರ್ ನನ್ನ ಚೈನು ಕೂರಿಸ್ತಿದ್ದ, ಗೇಟಿನ ಹತ್ತಿರ ಇದ್ದವನು ಅವನಲ್ಲ ಅಂದರು. ಮೆಲ್ಲಗೆ ಅಂದರು. ಅವರಿಗೆ ನೆನಪಿತ್ತು. ಶೆಡ್ಡಿನ ಮುಂದೆ ಬ್ರೇಕು ಒತ್ತುತ್ತಿದ್ದಾಗಲೂ ನೆನಪಿತ್ತು.

ಭಾವ ನಕ್ಕ. ಆಗಿದ್ದು ಆಗಿಹೋಯಿತು, ಸತ್ತ ಕುರಿಗೆ ಏನಾಗಬೇಕೋ ಕೊಡೋಣ ಅಂದ. ಅಜ್ಜಿ ಅವನ ಮುಖ ನೋಡಲಿಲ್ಲ. ಬೀಗವನ್ನು ಜೇಬಿಗೆ ಇಳಿಬಿಟ್ಟಳು, ಜೇಬು ಜೋತುಬಿತ್ತು.

"ಈ ಹುಡುಗ ಮುಚ್ಚೋ ಹಾಗಿದ್ರೆ ಹೋಗಿ. ಇಲ್ಲಾಂದ್ರೆ ಇಲ್ಲಿಂದಲೇ ತಿರುಗ್ಕೊಳ್ಳಿ."

ಒಬ್ಬೊಬ್ಬರಾಗಿ ದಾಟಿದರು. ನನ್ನ ಪಕ್ಕದಲ್ಲಿ ಹೋಗುವಾಗ ಎಲ್ಲರಿಗೂ ಮತ್ತೆ ಬ್ರೇಕಿನ ನೆನಪಾಯಿತು. ನಾನು ಕೊನೆಗೆ ದಾಟಿ ಚಿಲಕ ಹಾಕಿ ಎರಡು ಸುತ್ತು ಎಳೆದು ಸಿಕ್ಕಿಸಿದೆ. ಸತ್ತದ್ದು ಯಾವ ಕುರಿ ಎಂದು ಕೇಳಿದೆ. ಒಂದು ಕಿವಿ ಕಪ್ಪಗಿದ್ದದ್ದು ಅಂದಳು ಅಜ್ಜಿ. ಅದು ನನಗೆ ಗೊತ್ತಿತ್ತು. ಪಟ್ಟಿಯ ತುದಿ ಕಚ್ಚಿ ತಿಂದದ್ದು ಅದೇ.

ಗೋಪುರದ ಬಳಿ ಎಲ್ಲರೂ ಸೈಕಲ್ಲು ಒರಗಿಸಿ ಸಮುದ್ರದ ಕಡೆ ಹೋದರು. ನಾನು ನೆರಳಿಗೆ ಕೂತು ಬೂಟಿನೊಳಗಿನ ಜಲ್ಲಿ ಕೊಡವುತ್ತಿದ್ದೆ. ತೊಡೆಗಳು ಕಲ್ಲಾಗಿದ್ದವು. ಭಾವ ಅತ್ತಿತ್ತ ನೋಡಿ, ಹತ್ತಿರ ಯಾರೂ ಇಲ್ಲದ್ದು ಖಾತ್ರಿ ಮಾಡಿಕೊಂಡು ಬಂದ. ಕೊರಳಿನ ಸೀಟಿ ತೆಗೆದು ನನ್ನ ಮುಂದೆ ಹಿಡಿದ.

"ಬರೋ ವಾರ ನೀನೇ ಮುಂದೆ ಹೋಗು. ಅಜ್ಜಿ ನೀನಂದ್ರೆ ಬಿಡ್ತಾಳೆ. ಬೆಳಿಗ್ಗೆದು ಮನಸ್ಸಲ್ಲಿ ಇಟ್ಕೋಬೇಡ ಮಾರಾಯ, ಏನೋ ಬಾಯಿಗೆ ಬಂತು." ಇನ್ನೂ ಸಣ್ಣ ದನಿಯಲ್ಲಿ, "ನಿಮ್ಮಕ್ಕನಿಗೆ ಹೇಳ್ಬೇಡ" ಅಂದ.

ಬೆಳಿಗ್ಗೆ ಹನ್ನೊಂದು ಜನಕ್ಕೆ ಕೇಳಿಸುವಂತೆ ಮಾತಾಡಿದವನು ಈಗ ಗಾಳಿಗೂ ಕೇಳಿಸದಂತೆ ಮಾತಾಡುತ್ತಿದ್ದ. ಸೀಟಿ ಅವನ ಬೆರಳಿನಲ್ಲಿ ತೂಗುತ್ತಿತ್ತು. ಅದರ ಬಾಯಿಯಲ್ಲಿ ಅವನ ಎಂಜಲಿನ್ನೂ ಒಣಗಿರಲಿಲ್ಲ. ಆರು ವರ್ಷ ನಾನು ಬಯಸಿದ್ದು ಅದನ್ನೇ. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

ಸಮುದ್ರದ ಕಡೆಯಿಂದ ಮೇಷ್ಟ್ರು ಕೈ ಬೀಸಿ, ಫೋಟೋ ತೆಗೆಯೋಣ ಬಾರೋ ಪಂಕ್ಚರ್ ಎಂದು ಕರೆದರು. ಭಾವ ಸೀಟಿಯನ್ನು ಇನ್ನಷ್ಟು ಹತ್ತಿರ ತಂದ.

"ಏನಾದ್ರೂ ಹೇಳೋ."

ನಾನು ಸೀಟಿ ಮುಟ್ಟದೆ ಬೂಟು ಹಾಕಿಕೊಂಡೆ. ದಾರ ಕಟ್ಟಿದೆ. ನನ್ನ ಸೈಕಲ್ಲನ್ನು ಗೋಡೆಯಿಂದ ಬಿಡಿಸಿ, ಬಂದ ದಾರಿಯ ಕಡೆ ತಿರುಗಿಸಿದೆ. ಹತ್ತಿ ತುಳಿಯಲು ಕಾಲಿನಲ್ಲಿ ಕಸುವಿರಲಿಲ್ಲ. ತಳ್ಳಿಕೊಂಡೇ ನಡೆದೆ, ಜಲ್ಲಿಯ ಮೇಲೆ, ಐದನೇ ಗೇಟಿನ ಕಡೆಗೆ.